ಪಟಿಕದ ನೀರು

ಸುನಂದಾಳ ಹೊಟ್ಟೆಕಿಚ್ಚನ್ನು ಅಗರಖೇಡದ ಆ ಓಣಿಯಲ್ಲಿ ಯಾರಿಗೂ ಹೇಳಿ ತಿಳಿಸಬೇಕಾಗಿರಲಿಲ್ಲ. ಹಾಗಂತ ಅವಳಿಗೆ ಸವತಿಯನ್ನು ತಂದವರು ಬೇರೆ ಯಾರೂ ಅಲ್ಲ, ಅವಳೇ! ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗದಿದ್ದಾಗ, ಹೊರಗಿನವಳು ಬಂದು ತಲೆ ಮೇಲೆ ಕೂರುವುದಕ್ಕಿಂತ ಒಡಹುಟ್ಟಿದವಳೇ ಬರಲಿ ಎಂದು ತಂಗಿ ಭಾಗ್ಯಜ್ಯೋತಿಯನ್ನು ಗಂಡ ಶ್ರೀಶೈಲಪ್ಪನಿಗೆ ತಾನೇ ಮುಂದೆ ನಿಂತು ಮದುವೆ ಮಾಡಿಸಿದ್ದಳು. ಅಕ್ಕಿಕಾಳು ಬಿದ್ದ ಗಳಿಗೆಯಿಂದಲೇ ಹೊಟ್ಟೆ ಉರಿಯತೊಡಗಿತು. ತಂಗಿಯಾದರೇನು, ಸವತಿ ಸವತಿಯೇ.

ಭಾಗ್ಯಾ ಹೂ ಮುಡಿದರೆ ಸುನಂದಾಳಿಗೆ ತಲೆನೋವು. ಭಾಗ್ಯಾ ಬಡಿದ ರೊಟ್ಟಿಯನ್ನು ಗಂಡ ಹೊಗಳಿದರೆ ಅವತ್ತು ಇವಳಿಗೆ ಊಟ ಸೇರದು. ಶ್ರೀಶೈಲಪ್ಪ ನಿಂಬೆಕಾಯಿ ವ್ಯಾಪಾರಿ. ಲಾರಿಯ ಜೊತೆ ಸೊಲ್ಲಾಪುರ, ಹೈದರಾಬಾದ್ ಅಂತ ತಿರುಗಿ ಮನೆಗೆ ಬಂದನೆಂದರೆ ಯಾವ ಕೋಣೆಯ ಬಾಗಿಲು ದೂಡುತ್ತಾನೆ ಎಂದು ಕಿವಿಗೊಟ್ಟು ಮಲಗುವುದೇ ಅವಳ ಕೆಲಸ. ಹೆಚ್ಚಾಗಿ ಅದು ತಂಗಿಯ ಕೋಣೆಯೇ ಆಗಿರುತ್ತಿತ್ತು.

ಆಗ ಹಿತ್ತಲ ಮನೆಯ ರುಕ್ಮವ್ವ ಒಂದು ಉಪಾಯ ಊದಿದಳು. ಗಡ್ಡ ಹೆರೆದಾದ ಮೇಲೆ ಗಾಯಕ್ಕೆ ಉಜ್ಜುತ್ತಾರಲ್ಲ, ಆ ಪಟಿಕ. ಅದನ್ನು ನೀರಿನಲ್ಲಿ ಕರಗಿಸಿ ಒಳಗೆ ತೊಳೆದುಕೊಳ್ಳಬೇಕಂತೆ.

"ಹೊಸ ಮದುಮಗಳ ಹಂಗ ಆಗ್ತಿ ನೋಡು. ಗಂಡ ನಿನ್ನ ಬಿಟ್ಟು ಕದಲಂಗಿಲ್ಲ."

ತೊಳೆದುಕೊಂಡರೆ ಒಳಗೆಲ್ಲ ಬೆಂಕಿ. ಒಮ್ಮೊಮ್ಮೆ ಸೀರೆಗೆ ರಕ್ತದ ಕಲೆ. ಸುನಂದಾ ಹಲ್ಲು ಕಚ್ಚಿ ಸಹಿಸಿದಳು. ಅಪರೂಪಕ್ಕೆ ಬಂದ ಗಂಡ ಮೆಚ್ಚಿ ಒಂದು ಮಾತಾಡಿದ. ಆ ಹುಚ್ಚಿಗೆ ಅಷ್ಟು ಸಾಕಿತ್ತು.

ಈ ವರ್ಷ ಶ್ರೀಶೈಲಪ್ಪನಿಗೆ ಜ್ವರ ಹತ್ತಿ ಬಿಡಲೊಲ್ಲದಾಯಿತು. ಇಂಡಿ ಪಟ್ಟಣದ ದವಾಖಾನೆಯಲ್ಲಿ ರಕ್ತ ನೋಡಿ ಎಚ್‌ಐವಿ ಎಂದರು. ಊರೂರು ತಿರುಗಿದವನು ಎಲ್ಲಿಂದಲೋ ಹೊತ್ತು ತಂದಿದ್ದ. ಹೆಂಡಂದಿರ ರಕ್ತವನ್ನೂ ನೋಡಿದರು. ಡಾಕ್ಟರ್ ತರನ್ನುಮ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೊದಲು ಹೋದ ಭಾಗ್ಯಾ ಹೊರಗೆ ಬಂದು, "ನನಗ ಇಲ್ಲಂತ ಅಕ್ಕಾ! ಮುಂದ ಇನ್ನೊಮ್ಮಿ ನೋಡ್ತಾರಂತ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಸುನಂದಾ ಒಳಗೆ ಹೋದಳು. ಅವಳಿಗೆ ಬಂದಿತ್ತು.

"ಇಬ್ರಿಗೂ ಒಬ್ಬನ ಗಂಡ್ರಿ ಮೇಡಂ. ಆಕಿಗಿಲ್ಲದ್ದು ನನಗ್ಯಾಕ್ರಿ?"

ಹಾಗೆ ಕೇಳುತ್ತಿರುವಾಗಲೇ ಅವಳೊಳಗೆ ಒಂದು ಹಾಳು ಸಂತೋಷ ತಲೆಯೆತ್ತಿತು, ನೋಡಿ. ನನಗೇ ಬಂತೆಂದರೆ ಅವರಿಗೆ ನಾನೇ ಹೆಚ್ಚು ಬೇಕಾಗಿದ್ದೆ! ಎಂಥ ಹೆಣ್ಣಪ್ಪಾ ಇವಳು, ಇಂಥ ಸುದ್ದಿಯಲ್ಲೂ ತಂಗಿಯನ್ನು ಗೆಲ್ಲಬೇಕು.

"ಎಷ್ಟು ಸಲ ಅನ್ನೂದೊಂದ ಅಲ್ಲ ಸುನಂದಾಕ್ಕ. ಒಂದ ಸಲಕ್ಕೂ ಬರಬಹುದು, ವರ್ಷಗಟ್ಟಲೆ ಬರದನೂ ಇರಬಹುದು. ಒಳಗ ಹುಣ್ಣು, ಉರಿ, ಬಿಳಿ ಸೆರಗು ಏನರ ಇತ್ತೇನ್ರಿ? ಏನರ ಹಾಕಿ ತೊಳಕೋತಿದ್ರೇನ್ರಿ?"

ಸುನಂದಾ ತಲೆ ತಗ್ಗಿಸಿ ಪಟಿಕದ ಸಂಗತಿ ಹೇಳಿದಳು.

"ಅಯ್ಯೋ, ಅದನ್ನ ಯಾಕ ಮಾಡಿದ್ರಿ! ನಮ್ಮ ಒಳಮೈಗೆ ಗೋಡಿ ಐತಿ. ಕೂಸು ಬರೂ ದಾರಿಯೊಳಗ ಪದರಿನ ಮ್ಯಾಲ ಪದರು, ಗರ್ಭಕೋಶದ ಬಾಯಿಯೊಳಗ ಮಾತ್ರ ಒಂದ ತೆಳು ಪದರು. ಮ್ಯಾಲ ಲೋಳಿ ಕಾವಲಿರ್ತೈತಿ. ಪಟಿಕ ಲೋಳಿ ಒಣಗಿಸಿ ಗೋಡಿ ಸೀಳ್ತೈತಿ. ಗಾಯ ಆದಲ್ಲಿ ಮೈ ಕಾಯೂ ಕಣ ಓಡಿ ಬರ್ತಾವ. ಈ ವೈರಸ್‌ಗೆ ಬೇಕಾಗಿದ್ದೂ ಅವ ಕಣಾನ. ಕಾಯಾಕ ಬಂದವ್ರೊಳಗನ ಹೊಕ್ಕು ಮೈಯೆಲ್ಲ ಹರಡ್ತೈತಿ."

"ಅಂದ್ರ ನಾನ ತಂದ್ಕೊಂಡೆನ್ರಿ?"

"ತಂದವ್ರು ನಿಮ್ಮ ಯಜಮಾನ್ರು. ಪಟಿಕದಿಂದನ ಬಂತಂತ ಖಾತ್ರಿ ಹೇಳಾಕ ಬರೂದಿಲ್ಲ. ಅದರ ದಾರಿ ಸರಳ ಮಾಡಿರಬಹುದು, ಅಷ್ಟ. ಗುಳಿಗಿ ತಪ್ಪಿಸಬ್ಯಾಡ್ರಿ, ಛಲೋ ಬಾಳ್ತೀರಿ."

ಸುನಂದಾ ಹೊರಗೆ ಬಂದು, "ನಂದೂ ಏನಿಲ್ಲಂತ" ಎಂದುಬಿಟ್ಟಳು. ಬಾಯಿ ಬಿಟ್ಟರೆ ಬಣ್ಣಗೇಡು. ತಂಗಿಯ ಮುಂದೆ ಕಡಿಮೆಯಾಗುವುದಕ್ಕಿಂತ ಸಾಯುವುದು ಲೇಸು ಎಂದುಕೊಂಡು, ಗುಳಿಗೆಯನ್ನು ಮೊಣಕಾಲು ನೋವಿಗೆಂದು ಹೇಳಿ ನುಂಗತೊಡಗಿದಳು.

ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಸಜ್ಜೆ ಹಸನು ಮಾಡುತ್ತ ಕೂತಿದ್ದರು. ಭಾಗ್ಯಾ ಮೊರ ಕೆಳಗಿಟ್ಟಳು.

"ಅಕ್ಕಾ, ಅವ್ರು ನಿನ್ನೆ ಏನಂದ್ರು ಗೊತ್ತೈತೇನು? ನಿಮ್ಮಕ್ಕನ ಹಂಗ ನೀ ಇಲ್ಲ ಅಂದ್ರು. ಡಾಕ್ಟರ್ ಕೊಟ್ಟ ನಿರೋಧ್ ಪ್ಯಾಕೆಟ್ ಸೈತ ಬ್ಯಾಡ ಅಂತಾರ. ನನಗೂ ಒಂದು ಕೂಸು ಬೇಕಲ್ಲ. ರುಕ್ಮವ್ವ ಎಲ್ಲಾ ಹೇಳ್ಯಾಳ. ಆ ಪಟಿಕ ಎಷ್ಟ ಹಾಕ್ಬೇಕ, ಹೇಳು."

ಹೇಳಿಬಿಡು, ಎಂದಿತು ಒಳಗಿನ ಕಿಚ್ಚು. ಅವಳಿಗೂ ಬರಲಿ, ಇಬ್ಬರೂ ಸಮ ಆಗಲಿ. ಒಂದು ಮಾತು ಸಾಕಿತ್ತು, ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಸುನಂದಾ ತಂಗಿಯ ಮುಖ ನೋಡಿದಳು. ಅವ್ವ ಹೊಲಕ್ಕೆ ಹೋದಾಗೆಲ್ಲ ಟೊಂಕದ ಮೇಲೆ ಹೊತ್ತು ತಿರುಗಿದ ಕೂಸು ಇದು.

"ಬ್ಯಾಡ ಭಾಗ್ಯಾ. ಒಳಗ ಗಾಯ ಆಗ್ತೈತಿ. ಅವ್ರ ಬ್ಯಾನಿ ನಿನಗ ಹತ್ತತೈತಿ."

ಭಾಗ್ಯಾ ನಕ್ಕಳು. "ನಿನಗ ಹತ್ತಿಲ್ಲಲ್ಲ! ನಾ ಹೂ ಮುಡದ್ರ ಸಹಿಸದಾಕಿ ನೀ, ಇದನ್ನ ಹೇಳ್ತಿಯೇನು! ಎಲ್ಲಾ ಹೊಟ್ಟಿಕಿಚ್ಚು. ಬಿಡು, ರುಕ್ಮವ್ವನ್ನ ಕೇಳ್ತೇನಿ."

ಅವಳು ಎದ್ದಳು. ಸುನಂದಾ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

"ನನಗ ಹತ್ತೈತಿ. ಸುಳ್ಳ ಹೇಳಿದ್ದೆ. ಮೊಣಕಾಲಿಂದಲ್ಲ, ಅದರ ಗುಳಿಗಿ ಅವು."

ಭಾಗ್ಯಾಳ ಮುಖ ಬಿಳಿಚಿತು. ಆದರೆ ಅವಳ ಬಾಯಿಂದ ಮೊದಲು ಬಂದದ್ದು ಮರುಕದ ಮಾತಲ್ಲ.

"ಅಂದ್ರ... ಅವ್ರು ನಿನ್ನ ಹತ್ರನ ಹೆಚ್ಚ ಬರ್ತಿದ್ರೇನಕ್ಕಾ?"

ಆ ದನಿಯ ಗುರುತು ಸುನಂದಾಳಿಗೆ ಸಿಕ್ಕಿತು. ಅಪ್ಪಟ ತನ್ನದೇ ದನಿ. ಹೌದು ಎಂದರೆ ಗೆದ್ದಂತೆ. ಇಷ್ಟು ವರ್ಷ ಕಾದದ್ದು ಆ ಒಂದು ಗೆಲುವಿಗೇ. ಆದರೆ ಹೌದು ಎಂದರೆ ಈ ಹುಡುಗಿ ನೆಟ್ಟಗೆ ರುಕ್ಮವ್ವನ ಮನೆಗೆ ಓಡುತ್ತಾಳೆ.

"ಇಲ್ಲವ್ವಾ. ನಿನ್ನ ಹತ್ರ ಹತ್ತು ಸಲ ಬಂದ್ರ ನನ್ನ ಹತ್ರ ಒಂದು ಸಲ. ನಿನ್ನ ಮ್ಯಾಲನ ಅವ್ರ ಜೀವ, ಮೊದಲಿಂದನೂ. ಅದಕ್ಕ ನಾ ಪಟಿಕ ಹಾಕ್ಕೊಂಡೆ. ಕಡಿಮಿ ಬಂದ್ರೂ ನನಗ ಹತ್ತಿತು. ನಿನ್ನ ದೈವ ದೊಡ್ಡದು, ನೀ ಉಳದಿ. ಇನ್ನ ಮುಂದ ದೈವ ನಂಬಿ ಕೂಡ್ರಬ್ಯಾಡ. ಪ್ಯಾಕೆಟ್ ಇಲ್ಲದನ ಹತ್ರ ಬಂದ್ರ ಒದ್ದು ಕಳಸು. ಕೂಸಿನ ಮಾತು ಡಾಕ್ಟರ್‌ಗೆ ಕೇಳೂಣು, ನಾನೂ ಬರ್ತೇನಿ."

ಭಾಗ್ಯಾ ಅಕ್ಕನ ತೊಡೆಯ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಸುನಂದಾ ಅವಳ ಬೆನ್ನು ಸವರಿದಳು. ನಿನ್ನ ಮೇಲೆಯೇ ಅವರ ಜೀವ ಎಂದು ತನ್ನ ಬಾಯಿಂದಲೇ ಹೇಳಿದ್ದಕ್ಕೆ ಹೊಟ್ಟೆ ಇನ್ನೂ ಧಗಧಗ ಉರಿಯುತ್ತಿತ್ತು. ಉರಿಯಲಿ ಎಂದುಕೊಂಡು ಸವರುತ್ತಲೇ ಇದ್ದಳು.