ಕಾರೇಹಟ್ಟಿಯ ನೀರಿನ ಟ್ಯಾಂಕು

ಹೆದ್ದಾರಿಯ ಐಮಂಗಲದಿಂದ ಒಳಗೆ ನಾಲ್ಕು ಮೈಲಿ ಹೋದರೆ ಕಾರೇಹಟ್ಟಿ. ಅಲ್ಲಿನ ನೀರುಗಂಟಿ ಜುಂಜಪ್ಪ ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಪಂಚಾಯಿತಿಯ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ: ‘ಟ್ಯಾಂಕನ್ನು ಈ ದಿನ ತೊಳೆದು ನೀರು ತುಂಬಿಸಲಾಗಿದೆ.’ ಟ್ಯಾಂಕೇ ಇರಲಿಲ್ಲ. ಸರ್ಕಾರ ಸಾಲ ಎತ್ತಿ ಮಂಜೂರು ಮಾಡಿದ್ದ ಕೆಲಸ ಅದು. ಬಿಲ್ಲು ಪಾಸಾಯಿತು, ಕಂಟ್ರಾಕ್ಟರ್ ದುಡ್ಡು ನುಂಗಿ ನೀರು ಕುಡಿದ, ಸಾಲದ ಕಂತು ಮಾತ್ರ ಊರಿಗೆ ಬರುವ ಅನುದಾನದಲ್ಲಿ ವರ್ಷವರ್ಷವೂ ಮುರಿದುಕೊಳ್ಳುತ್ತಿದ್ದರು.

“ಸಹಿ ಹಾಕ್ಲಿಲ್ಲ ಅಂದ್ರೆ ನಿನ್ ಹೆಸರು ಕಾಯಂ ಪಟ್ಟಿಗೆ ಹೋಗಲ್ಲ” ಎಂದಿದ್ದರು ಆಫೀಸಿನವರು. ಹದಿನಾಲ್ಕು ವರ್ಷ ದಿನಗೂಲಿ ಮಾಡಿದವನಿಗೆ ಅಷ್ಟು ಸಾಕಾಯಿತು. ಪಾಪದವನೇ, ಆದರೂ ನನಗೆ ಅವನ ಮೇಲೆ ಸಿಟ್ಟಿದೆ. ಹೆಂಡತಿ ಚಂದ್ರಕ್ಕ ಯಾರದೋ ತೋಟದ ಬೋರಿನಿಂದ ನೀರು ಹೊರುವುದನ್ನು ಕಣ್ಣಾರೆ ಕಂಡೂ ಸಹಿ ಹಾಕಿದನಲ್ಲ!

ಮೊನ್ನೆ ಚಿತ್ರದುರ್ಗದಿಂದ ಆಡಿಟ್‌ನ ಲಕ್ಷ್ಮೀಕಾಂತ್ ಬಂದರು. ಪುಸ್ತಕದ ತುಂಬ ಇದ್ದದ್ದು ಒಬ್ಬನದೇ ಸಹಿ. “ಟ್ಯಾಂಕ್ ತೋರ್ಸಪ್ಪ” ಎಂದರು. ಕೆಲಸ ಹೋಗುವುದಿರಲಿ, ಜೈಲೇ ಗತಿ ಎಂದುಕೊಂಡ ಜುಂಜಪ್ಪ. ತಪ್ಪಾಯಿತು ಎಂದು ಕಾಲು ಹಿಡಿದರಾಯಿತು ಅಂದುಕೊಂಡೇ ಅವರನ್ನು ಊರಾಚೆಯ ಬಯಲಿಗೆ ಕರೆದೊಯ್ದ.

ಇಳಿಹೊತ್ತು. ಬಯಲಿನಲ್ಲಿ ನಾಲ್ಕು ಜಾಲಿಗಿಡ ಬಿಟ್ಟರೆ ಏನೂ ಇಲ್ಲ. ಆದರೆ ನೆಲದ ಮೇಲೆ ನೆರಳು ಬಿದ್ದಿತ್ತು. ಉದ್ದುದ್ದ ಕಂಬಗಳು, ತುದಿಗೆ ದುಂಡನೆಯ ತೊಟ್ಟಿ, ಪಕ್ಕದಲ್ಲಿ ಏಣಿ. ಜುಂಜಪ್ಪ ತಲೆಯೆತ್ತಿ ನೋಡಿದ. ಬರೀ ಆಕಾಶ. ಲಕ್ಷ್ಮೀಕಾಂತ್ ಮಾತ್ರ ತಲೆಯೆತ್ತಲೇ ಇಲ್ಲ. ನೆರಳಿನಲ್ಲಿ ಕೂತು ಬೆವರು ಒರೆಸಿಕೊಂಡರು.

“ತಂಪಾಗೈತೆ. ಹತ್ತಿ ನೀರೆಷ್ಟೈತೆ ನೋಡಿ ಹೇಳು, ಬರ್ಕಂತೀನಿ.”

ಜುಂಜಪ್ಪ ಏಣಿಯ ನೆರಳು ಶುರುವಾಗುವ ಕಡೆ ಗಾಳಿಗೆ ಕೈ ಚಾಚಿದ. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಟ್ಟಿತು. ಕಾಲಿಟ್ಟ, ಮೆಟ್ಟಿಲು ತಡೆಯಿತು. ಒಂದೊಂದೇ ಹತ್ತಿದ. ಹೆದ್ದಾರಿಯ ಲಾರಿಗಳು ಕಂಡವು, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಪಾದದ ಕೆಳಗೆ ಏನೂ ಕಾಣಲಿಲ್ಲ.

“ಎಷ್ಟೈತೆ?” ಲಕ್ಷ್ಮೀಕಾಂತ್ ಕಾಗದದಿಂದ ಕಣ್ಣು ಎತ್ತದೆ ಕೇಳಿದರು. “ಹೊಸ ಟ್ಯಾಂಕ್ ಬೇಕು ಅಂತ ನಿಮ್ಮೂರ ಹೆಂಗಸ್ರು ಅರ್ಜಿ ಕೊಟ್ಟವ್ರೆ. ಇದ್ರಾಗೆ ನೀರಿಲ್ಲ ಅಂದ್ರೆ ಆ ಅರ್ಜಿನ ಮೇಲಕ್ಕೆ ಕಳಿಸ್ತೀನಿ, ಸುಳ್ಳು ಸಹಿಗೆ ನಿನ್ ಮೇಲೆ ಕೇಸು. ತುಂಬೈತೆ ಅಂದ್ರೆ ಅರ್ಜಿ ವಜಾ. ಟ್ಯಾಂಕ್ ಇರೋ ಊರಿಗೆ ಸರ್ಕಾರ ಇನ್ನೊಂದ್ ಸಾಲ ಎತ್ತಲ್ಲ.”

ಕೆಳಗೆ ಬಯಲಂಚಿನ ದಾರಿಯಲ್ಲಿ ಖಾಲಿ ಕೊಡ ಹಿಡಿದ ಹೆಂಗಸರು ನಿಂತುಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ ಚಂದ್ರಕ್ಕ. ಅವಳಿಗೆ ಟ್ಯಾಂಕು ಕಾಣುತ್ತಿಲ್ಲವೆಂದು ಅವಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಆಕಾಶದಲ್ಲಿ ಸುಮ್ಮನೆ ನಿಂತಿದ್ದ ಗಂಡನನ್ನು ಅವಳು ನೋಡುತ್ತಿದ್ದಳು.

“ನಿಜ ಹೇಳ್ರಿ” ಎಂದಳು.

ಜುಂಜಪ್ಪ ಕಣ್ಣು ಮುಚ್ಚಿಕೊಂಡ. “ತುಂಬೈತೆ ಸಾರ್.”

ಮೆಟ್ಟಿಲು ಅಲುಗಲಿಲ್ಲ. ಕಣ್ಣು ಬಿಟ್ಟಾಗ ಚಂದ್ರಕ್ಕ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಹಿಂತಿರುಗಿ ನೋಡದೆ, ತೋಟದ ದಾರಿ ಹಿಡಿದಿದ್ದಳು.