ಮಾದಪ್ಪ ಮೇಷ್ಟ್ರ ಶಿಫಾರಸು ಪತ್ರ

ಕಾಮರ್ಸ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೇರಲು ಗೌಹರ್‌ಗೆ ಬೇಕಾದಷ್ಟು ಅಂಕಗಳಿದ್ದವು. ಅಮೆರಿಕದ ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಲ್ಲಿ ಹದಿನೈದು ವರ್ಷ ದುಡಿದವಳಿಗೆ ಅರ್ಜಿಯ ಪ್ರಬಂಧದ ವಿಷಯಕ್ಕೂ ಬರವಿರಲಿಲ್ಲ. ಇಲ್ಲದ್ದು ಒಂದೇ, ಪಾಠ ಹೇಳಿದವರ ಶಿಫಾರಸು ಪತ್ರ. ಮೈಸೂರಿನ ಕಾಲೇಜಿನಲ್ಲಿ ಕಲಿಸಿದ್ದ ಮಾದಪ್ಪ ಮೇಷ್ಟ್ರು ಸ್ಯಾನ್ ಡಿಯಾಗೊದ ಮಗಳ ಮನೆಗೆ ಬಂದಿದ್ದಾರೆಂದು ತಿಳಿದು ಫೋನ್ ಮಾಡಿದಳು.

"ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ," ಎಂದರು. ನಮ್ಮ ಕಾಲೇಜುಗಳಲ್ಲಿ ನಡೆದುಕೊಂಡು ಬಂದದ್ದೇ ಹಾಗೆ.

ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚಿಕೆಯಾಗಿ, 'ವಿಧೇಯ ವಿದ್ಯಾರ್ಥಿನಿ' ಎಂದು ನಾಲ್ಕು ಸಾಲು ಗೀಚಿ, ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋದಳು.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ವಿಧೇಯ? ಸುಳ್ಳಿಗೆಲ್ಲ ಸೈನ್ ಹಾಕೋನಲ್ಲ ನಾನು," ಎಂದು ಹಾಳೆಯನ್ನು ಹರಿದೇ ಹಾಕಿದರು. ಗೌಹರ್ ಹೊರಡಲು ಬ್ಯಾಗ್ ಎತ್ತಿಕೊಂಡಳು.

ಅವರು ಬೇರೆ ಹಾಳೆ ತೆಗೆದುಕೊಂಡು, ತಾವೇ ಬರೆದರು: 'ನಾನು ಬೋರ್ಡಿನ ಮೇಲೆ ತಪ್ಪು ಸೂತ್ರ ಬರೆದ ದಿನ, ಅರವತ್ತು ಜನರಲ್ಲಿ ಎದ್ದು ನಿಂತು ತಪ್ಪೆಂದವಳು ಈಕೆಯೊಬ್ಬಳೇ. ಈಕೆಯನ್ನು ಕ್ಲಾಸಿನಿಂದ ಹೊರಗೆ ಕಳಿಸಿದೆ. ಮನೆಗೆ ಹೋಗಿ ಪುಸ್ತಕ ತೆರೆದು ನೋಡಿದರೆ, ಸರಿ ಇದ್ದದ್ದು ಈಕೆಯೇ.'

"ಇದನ್ನ ಅವತ್ತೇ ಹೇಳ್ಬೇಕಿತ್ತು ಕಣಮ್ಮ," ಎಂದು ಸೈನ್ ಹಾಕಿದರು.