ಸ್ಟೈನಾರಜ್ಜ ಬಾಯಿ ಮುಚ್ಚಿಕೊಂಡ ದಿನ

ಸ್ಕಾರ್ವೇ ದ್ವೀಪದ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ, ಸಿಗ್ನಿಯ ನಾಲಿಗೆಯ ಮೇಲಿತ್ತು. ಪ್ರತಿ ಬೇಸಿಗೆಯಲ್ಲೂ ಅವಳು ಸಭೆಯ ಬಂಡೆ ಹತ್ತಿ ಇನ್ನೂರ ಹನ್ನೆರಡು ಕಟ್ಟಳೆಗಳನ್ನು ಬಾಯಿಪಾಠ ಒಪ್ಪಿಸಬೇಕು. ಒಂದು ಕಟ್ಟಳೆಯನ್ನು ಸತತ ಮೂರು ವರ್ಷ ಬಿಟ್ಟು, ಕೊನೆಗೆ ಕೊಂಬು ಊದುವ ತನಕ ಯಾರೂ ಆಕ್ಷೇಪಿಸದಿದ್ದರೆ ಅದು ಸತ್ತಂತೆ. ಈ ಪದ್ಧತಿಗೆ ಕಡಲಾಚೆಯ ದೊರೆಯೇ ಮುನ್ನೂರು ವರ್ಷದ ಹಿಂದೆ ರುಜು ಹಾಕಿದ್ದ, ಪಾಪ.

ಮೂವತ್ತೊಂದನೆಯ ಕಟ್ಟಳೆ, ಅಂದರೆ 'ಸ್ಕಾರ್ವೇ ದೊರೆಗೆ ಸೇರಿದ್ದು' ಎಂಬುದನ್ನು, ಸಿಗ್ನಿ ಎರಡು ವರ್ಷ ಸದ್ದಿಲ್ಲದೆ ನುಂಗಿದ್ದಳು. ಇಡೀ ದ್ವೀಪಕ್ಕೆ ಜಾಣಗಿವುಡು. ದೊರೆಯ ಪ್ರತಿನಿಧಿ ವೀಬೆ ಹತ್ತನೆಯ ಕಟ್ಟಳೆಗೇ ತೂಕಡಿಸುತ್ತಿದ್ದ. ಇದು ಮೂರನೆಯ ವರ್ಷ. ಇವತ್ತೊಂದು ದಿನ ದಾಟಿದರೆ ದ್ವೀಪ ಸ್ವತಂತ್ರ.

ಅವಳಿಗೆ ಭಯವಿದ್ದದ್ದು ಅಪ್ಪನದೇ. ಊರಿಗೆಲ್ಲ ಸ್ಟೈನಾರಜ್ಜನಾದ ಅವನು ಅದೇ ಬಂಡೆಯ ಮೇಲೆ ನಲವತ್ತು ವರ್ಷ ಕಟ್ಟಳೆ ಹೇಳಿದವನು. ತಪ್ಪು ಕೇಳಿದರೆ ಅವನಿಗೆ ಮೈಯೆಲ್ಲ ತುರಿಕೆ. ಹೆಂಡತಿಯನ್ನು ಮಣ್ಣು ಮಾಡುವಾಗ ಪಾದ್ರಿಯ ಪ್ರಾರ್ಥನೆಯನ್ನೂ ಎರಡು ಸಲ ತಿದ್ದಿದ್ದ. ಎರಡು ವರ್ಷ ಮಂಡಿನೋವೆಂದು ಮನೆಯಲ್ಲಿದ್ದವನು ಈ ಸಲ ಬಂದೇ ತೀರುತ್ತೇನೆಂದು ಹಟ ಹಿಡಿದಿದ್ದ.

"ಅಪ್ಪ, ಬಾಯಿ ಬಿಡಲ್ಲ ಅಂತ ಮಾತು ಕೊಡು."

"ನೀನು ತಪ್ಪಿಲ್ದೆ ಹೇಳು, ನಾನ್ಯಾಕೆ ಬಾಯಿ ಬಿಡ್ಲಿ?"

"ಬೇಕಂತಲೇ ತಪ್ಪು ಮಾಡ್ತಿರೋದು ಕಣಪ್ಪ."

"ಅದು ತಲೆಗೆ ಗೊತ್ತು ಕಣೇ. ನಾಲಿಗೆಗೆ ಯಾರು ಹೇಳ್ತಾರೆ?"

ಸಿಗ್ನಿ ಅವನ ಕೈಗೆ ಬೆಣ್ಣೆ ಸವರಿದ ಒಣಮೀನಿನ ದೊಡ್ಡ ತುಂಡೊಂದನ್ನು ತುರುಕಿ ಬಂಡೆ ಹತ್ತಿದಳು.

ಮೂವತ್ತು. ಮೂವತ್ತೆರಡು. ಅಜ್ಜನ ಮುಖ ಕೆಂಪಾಯಿತು, ಗಡ್ಡ ನಡುಗಿತು, ಆದರೆ ಅವನು ಮೀನು ಅಗಿಯುತ್ತಲೇ ಇದ್ದ. ಸಿಗ್ನಿಗೆ ಕಾಲು ನೆಲಕ್ಕೇ ತಾಗಲಿಲ್ಲ. ಆ ಖುಷಿಯಲ್ಲಿ ಅವಳು ಕಟ್ಟಳೆಗಳನ್ನು ಹಾಡಿನಂತೆ ಹೇಳಿಕೊಂಡು ಹೋದಳು.

"ತಪ್ಪು," ಎಂದು ಅಜ್ಜ ಎದ್ದು ನಿಂತ.

ಸಾವಿರ ಜನ ಒಟ್ಟಿಗೆ ಅವನತ್ತ ತಿರುಗಿದರು. ವೀಬೆ ಕಣ್ಣು ಬಿಟ್ಟ.

"ತೊಂಬತ್ತೆಂಟು ಎಲ್ಲೋಯ್ತು? ಪಕ್ಕದ ಮನೆ ಟಗರು ಬೇಲಿ ಹಾರಿದ್ರೆ ಮರಿ ಯಾರದು ಅನ್ನೋದು. ಟಗರನ್ನೇ ಮರೆತ್ಯಲ್ಲೇ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಗ್ನಿ ಟಗರನ್ನು ಸರಿಪಡಿಸಿ ಇನ್ನೂರ ಹನ್ನೆರಡನೆಯದರ ತನಕ ಹೇಳಿ ಮುಗಿಸಿದಳು. ಕೊಂಬಿನವನು ಉಸಿರೆಳೆದುಕೊಳ್ಳುವಷ್ಟರಲ್ಲಿ ವೀಬೆ ಕೈ ಎತ್ತಿದ.

"ಒಂದ್ನಿಮಿಷ. ಯಜಮಾನ್ರೇ, ನಾನು ಸ್ವಲ್ಪ ಕಣ್ಣು ಮುಚ್ಚಿದ್ದೆ. ನಿಮ್ಮ ಕಿವಿ ಮೇಲೆ ನನಗೆ ಪೂರ್ತಿ ನಂಬಿಕೆ. ಬೇರೆ ಏನಾದ್ರೂ ಬಿಟ್ಟೋಯ್ತಾ?"

ಅಜ್ಜನ ಬಾಯಿ ತಾನಾಗಿ ತೆರೆಯಿತು. ಎಂಬತ್ತೆರಡು ವರ್ಷದಲ್ಲಿ ಅವನು ಕಟ್ಟಳೆಯ ವಿಷಯದಲ್ಲಿ ಒಂದೂ ಸುಳ್ಳಾಡಿದವನಲ್ಲ. ಸಿಗ್ನಿ ಕಣ್ಣು ಮುಚ್ಚಿಕೊಂಡಳು. ಅಜ್ಜ ಉಳಿದಿದ್ದ ಮೀನನ್ನೆಲ್ಲ ಒಂದೇ ಸಲ ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇಲ್ಲವೆಂದು ತಲೆಯಾಡಿಸಿದ.

ಯಾರ ಆಕ್ಷೇಪವೂ ಉಳಿದಿಲ್ಲವೆಂದು ವೀಬೆ ಸಭೆಯ ವರದಿಗೆ ರುಜು ಹಾಕಿದ. ಕೊಂಬು ಮೊಳಗಿತು.

ಅದರ ಸದ್ದಡಗುವ ಮೊದಲೇ ಅಜ್ಜ ಮೀನು ಉಗುಳಿ, "ಮೂವತ್ತೊಂದು," ಎಂದು ಶುರುಮಾಡಿ ಇಡೀ ಕಟ್ಟಳೆಯನ್ನು ಒಂದಕ್ಷರ ಬಿಡದೆ ಒದರಿಬಿಟ್ಟ. ವೀಬೆಯ ಕೈಯಿಂದ ಲೇಖನಿ ಜಾರಿತು. ಜನ ಟೋಪಿ ಎಸೆದು ಕುಣಿದರು, ಅತ್ತರು. ಸಿಗ್ನಿ ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು.

"ಅದು ಈಗ ಕಾನೂನಲ್ಲಪ್ಪ. ಬರೀ ಹಳೇ ಕಥೆ."

"ಕಥೆ ಆದ್ರೇನು," ಎಂದ ಅಜ್ಜ, ಗಡ್ಡದ ಬೆಣ್ಣೆ ಒರೆಸಿಕೊಳ್ಳುತ್ತ. "ತಪ್ಪಿಲ್ದೆ ಹೇಳ್ಬೇಕು."